ಯೂನಿಯನ್ ಬರ್ಲಿನ್ ಪಂದ್ಯಕ್ಕೆ ಹೋಗುವುದು ಹೇಗೆ?

ಓದಲಿಕ್ಕೋ ಕೆಲಸಕ್ಕೋ ಬರ್ಲಿನ್‌ನಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಿದ್ದೀರಾ? ಹಾಗಿದ್ದರೆ ಒಂದು ಶನಿವಾರ ಮಧ್ಯಾಹ್ನವನ್ನು ಫುಟ್‌ಬಾಲ್‌ಗೆ ಎತ್ತಿಡಿ. ನಗರದ ಪೂರ್ವ ಭಾಗದಲ್ಲಿ, ಕೋಪೆನಿಕ್‌ನ ಕಾಡಿನ ಪಕ್ಕದಲ್ಲಿ ಯೂನಿಯನ್ ಬರ್ಲಿನ್ ಕ್ಲಬ್‌ನ ಮೈದಾನವಿದೆ. ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ಕ್ರೀಡಾಂಗಣಗಳು ಬೇಕಾದಷ್ಟಿವೆ. ಆದರೆ ಒಂದನ್ನೇ ನೋಡಲು ಆಗುವುದಾದರೆ ಇದನ್ನೇ ನೋಡಿ ಎನ್ನುತ್ತೇನೆ.

ಮೊದಲು ಟಿಕೆಟ್

ಕಷ್ಟದ ಕೆಲಸ ಇದೊಂದೇ. ಇಲ್ಲಿ ಹಿಡಿಸುವುದು 22,012 ಜನ. ಕುರ್ಚಿಗಳು ಬರೀ 3,617. ಉಳಿದವರೆಲ್ಲ ನಿಂತೇ ನೋಡಬೇಕು. ಹೆಚ್ಚಿನ ಟಿಕೆಟ್‌ಗಳು ಸೀಸನ್ ಪಾಸ್ ಇದ್ದವರಿಗೆ ಮತ್ತು ಕ್ಲಬ್‌ನ ಸದಸ್ಯರಿಗೆ ಹೋಗಿಬಿಡುತ್ತವೆ. ಅಲ್ಲಿ ಸದಸ್ಯರಾದ ಪರಿಚಯದವರಿದ್ದರೆ ಮುಂಚೆಯೇ ಕೇಳಿಡಿ. ಯಾವುದೋ ವೆಬ್‌ಸೈಟ್‌ನಲ್ಲಿ ದುಪ್ಪಟ್ಟು ಬೆಲೆಗೆ ಮಾರುವವರ ಹತ್ತಿರ ಮಾತ್ರ ಕೊಳ್ಳಬೇಡಿ. ಗೇಟ್‌ವರೆಗೆ ಹೋಗಿ ವಾಪಸ್ ಬರಬೇಕಾದೀತು.

ಪುರುಷರ ಪಂದ್ಯಕ್ಕೆ ಸಿಗಲಿಲ್ಲವಾ? ಕ್ಲಬ್‌ನ ಮಹಿಳಾ ತಂಡವೂ ಇದೇ ಮೈದಾನದಲ್ಲಿ ಆಡುತ್ತದೆ. 2025ರಲ್ಲಿ ಆ ತಂಡ ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಮಹಿಳಾ ಬುಂಡೆಸ್‌ಲೀಗಾಕ್ಕೆ ಏರಿತು. ಅದಕ್ಕೆ ಟಿಕೆಟ್ ಸಿಗುವುದು ಸುಲಭ.

ಇನ್ನೊಂದು ಮಾತು. ಪಂದ್ಯ ಶುಕ್ರವಾರವೋ, ಶನಿವಾರವೋ, ಭಾನುವಾರವೋ ಎಂದು ಖಚಿತವಾಗುವುದು ಕೆಲವು ವಾರಗಳ ಮುಂಚೆಯಷ್ಟೇ. ಆ ವಾರಾಂತ್ಯದಲ್ಲಿ ಊರಿಗೆ ಮರಳುವ ವಿಮಾನ ಬುಕ್ ಮಾಡಬೇಡಿ.

ಹೋಗುವ ದಾರಿ

ಶನಿವಾರದ ಪಂದ್ಯಗಳು ಹೆಚ್ಚಾಗಿ ಮಧ್ಯಾಹ್ನ 3.30ಕ್ಕೆ ಶುರು. ಎರಡು ಗಂಟೆ ಮೊದಲೇ ಹೊರಡಿ. ನಗರದ ಮಧ್ಯದ ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಎಸ್3 ಎಂಬ ಲೋಕಲ್ ರೈಲು ಹತ್ತಿ ಕೋಪೆನಿಕ್‌ನಲ್ಲಿ ಇಳಿಯಿರಿ. ನಗರದೊಳಗಿನ ಓಡಾಟಕ್ಕೆ ಕೊಡುವ ಎಬಿ ವಲಯದ ಟಿಕೆಟ್ ಸಾಕು. ಮುಂದೆ ದಾರಿ ಕೇಳುವುದೇ ಬೇಡ, ಕೆಂಪು ಬಿಳಿ ಶಾಲು ಹೊದ್ದವರ ಹಿಂದೆ ನಡೆಯಿರಿ. ಅಜ್ಜ, ಮಗಳು, ಮೊಮ್ಮಗ ಜೊತೆಯಾಗಿ ನಡೆದು ಬರುವುದು ಇಲ್ಲಿ ಮಾಮೂಲು. ನೀಲಿ ಬಟ್ಟೆ ಬೇಡ, ಅದು ನಗರದ ಇನ್ನೊಂದು ಕ್ಲಬ್ ಹೆರ್ಥಾದ ಬಣ್ಣ. ಎ4 ಹಾಳೆಗಿಂತ ದೊಡ್ಡ ಬ್ಯಾಗನ್ನು ಮನೆಯಲ್ಲೇ ಬಿಡಿ.

ಒಳಗೆ ಹೋಗುವ ಮೊದಲು

ಮೈದಾನದ ಹೆಸರು ಆಲ್ಟೆ ಫೋರ್ಸ್ಟರೈ, ಅಂದರೆ ಹಳೆಯ ಫಾರೆಸ್ಟರ್ ಮನೆ. ಆ ಮನೆ ಇವತ್ತಿಗೂ ಇದೆ, ಕ್ಲಬ್‌ನ ಕಚೇರಿ ಅಲ್ಲೇ. ಹತ್ತಿರದ ಓಬರ್‌ಶೋನವೈಡ ಒಂದು ಕಾಲದಲ್ಲಿ ಕಾರ್ಖಾನೆಗಳ ಊರಾಗಿತ್ತು. ಅಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದವರು ಬೆಳೆಸಿದ ತಂಡ ಇದು. ಅದಕ್ಕೇ ಇವರ ಕೂಗು 'ಐಸರ್ನ್ ಯೂನಿಯನ್', ಕಬ್ಬಿಣದಂಥ ಯೂನಿಯನ್.

2004ರಲ್ಲಿ ಕ್ಲಬ್ ಮುಳುಗುವ ಹಂತಕ್ಕೆ ಬಂದಿತ್ತು. ಅಭಿಮಾನಿಗಳು ರಕ್ತ ಕೊಟ್ಟು, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್‌ಗೆ ಕೊಟ್ಟರು. ನಾಲ್ಕು ವರ್ಷದ ನಂತರ ಮೈದಾನ ಹಳೆಯದಾಗಿ ರಿಪೇರಿ ಬೇಕಾಯಿತು, ಕೈಯಲ್ಲಿ ದುಡ್ಡಿಲ್ಲ. ಆಗ 2,000ಕ್ಕೂ ಹೆಚ್ಚು ಜನ ರಜೆ ಹಾಕಿ ಬಂದು ಕಾಂಕ್ರೀಟ್ ಹಾಕಿದರು, ಕಬ್ಬಿಣ ಹೊತ್ತರು. ಸುಮಾರು 1,40,000 ಗಂಟೆಗಳ ಕೆಲಸ, ಸಂಬಳವಿಲ್ಲ. 2009ರಲ್ಲಿ ಮೈದಾನ ಮತ್ತೆ ತೆರೆಯಿತು. ಕೆಲಸ ಮಾಡಿದವರ ಹೆಸರುಗಳಿರುವ ಸ್ಮಾರಕ ಅಲ್ಲಿದೆ, ಮೇಲೆ ಕಟ್ಟಡ ಕೆಲಸಗಾರರು ಹಾಕುವಂಥ ದೊಡ್ಡ ಹೆಲ್ಮೆಟ್. ಅದರ ಮುಂದೆ ಐದು ನಿಮಿಷ ನಿಲ್ಲಿ. ನೀವು ಆಮೇಲೆ ಹತ್ತುವ ಮೆಟ್ಟಿಲುಗಳನ್ನು ಹಾಕಿದವರು ಇವರೇ.

ಒಳಗೆ

ಸಾಸೇಜ್ ಬನ್, ಬಿಯರ್ ಎಲ್ಲ ಸಿಗುತ್ತದೆ. ಕುಡಿಯುವ ಲೋಟಕ್ಕೆ ಮುಂಗಡ ಹಿಡಿಯುತ್ತಾರೆ, ಎಸೆಯಬೇಡಿ. ವಾಪಸ್ ಕೊಟ್ಟರೆ ಹಣ ಸಿಗುತ್ತದೆ.

ಗೋಲಿನ ಹಿಂದಿನ ವಾಲ್ಡ್‌ಸೈಟೆ, ಅಂದರೆ ಕಾಡಿನ ಬದಿ, ಹಾಡಿನ ಮೂಲ. ಅಲ್ಲಿ ಡ್ರಮ್, ಬಾವುಟ, ನೂಕುನುಗ್ಗಲು ಜಾಸ್ತಿ. ಮೊದಲ ಸಲ ಹೋಗುವವರಿಗೆ ಉದ್ದನೆಯ ಬದಿಯ ಗೇಗನ್‌ಗೆರಾಡೆ ಚೆನ್ನ. ಆಟವೂ ಕಾಣುತ್ತದೆ, ಹಾಡೂ ಸುತ್ತಿಕೊಳ್ಳುತ್ತದೆ. ಘೋಷಕರು ಒಬ್ಬೊಬ್ಬ ಆಟಗಾರನ ಹೆಸರು ಹೇಳಿದಾಗ ಇಡೀ ಮೈದಾನ 'ಫುಸ್‌ಬಾಲ್‌ಗಾಟ್' ಎಂದು ಕೂಗುತ್ತದೆ. ಫುಟ್‌ಬಾಲ್ ದೇವರು ಎಂದರ್ಥ. ಸ್ಟಾರ್ ಆಗಲಿ, ಬೆಂಚಿನಲ್ಲಿ ಕೂರುವ ಹುಡುಗನಾಗಲಿ, ಎಲ್ಲರಿಗೂ ಅದೇ ಗೌರವ. ನೀವೂ ಕೂಗಿ, ಸಂಕೋಚ ಬೇಡ.

ಫೋನ್ ಜೇಬಿನಲ್ಲಿರಲಿ. ಸುಮ್ನೆ ವಿಡಿಯೊ ಮಾಡುತ್ತ ನಿಂತರೆ ಹಿಂದಿನವರಿಗೂ ತೊಂದರೆ, ನಿಮಗೂ ಏನೂ ದಕ್ಕುವುದಿಲ್ಲ. ತಂಡ ಸೋಲುತ್ತಿದ್ದರೂ ತಮ್ಮ ಆಟಗಾರರನ್ನು ಹೀಯಾಳಿಸುವ ರೂಢಿ ಇಲ್ಲಿಲ್ಲ. ಪಂದ್ಯ ಮುಗಿಯುವ ಸೀಟಿ ಊದುವ ಮೊದಲು ಹೊರಟು ಹೋಗುವುದೂ ಇಲ್ಲ.

2019ರ ಆಗಸ್ಟ್‌ನಲ್ಲಿ ಯೂನಿಯನ್‌ನ ಪುರುಷರ ತಂಡ ಮೊದಲ ಸಲ ಬುಂಡೆಸ್‌ಲೀಗಾದಲ್ಲಿ ಆಡಿತು. ಆ ದಿನವನ್ನು ನೋಡದೇ ತೀರಿಕೊಂಡವರ ನೂರಾರು ಫೋಟೊಗಳನ್ನು ಜನ ಎತ್ತಿ ಹಿಡಿದಿದ್ದರು. ಅಪ್ಪನದು, ಅಜ್ಜಿಯದು, ಗೆಳೆಯನದು. ಪಂದ್ಯದಲ್ಲಿ ಲೈಪ್‌ಸಿಗ್ ತಂಡ 4–0ಯಿಂದ ಗೆದ್ದಿತು. ಜನ ಹಾಡುತ್ತಲೇ ಇದ್ದರು.

ಸೀಟಿಯಾದ ಮೇಲೂ ಹತ್ತು ನಿಮಿಷ ನಿಲ್ಲಿ. ಗೆದ್ದರೂ ಸೋತರೂ ಆಟಗಾರರು ವಾಲ್ಡ್‌ಸೈಟೆಯ ಮುಂದೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಸ್ಟೇಷನ್‌ನ ರಶ್ಶೂ ಸ್ವಲ್ಪ ಕಡಿಮೆಯಾಗಿರುತ್ತದೆ.