ಪೆನ್‌ಡ್ರೈವ್ ಉಬುಂಟು ಎಲ್ಲ ಮರೆಯುತ್ತಿತ್ತು, ಈಗಿಲ್ಲ

ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಚೆನ್ನಾಗಿಯೇ ಓಡುತ್ತಿತ್ತು. ಆದರೆ ರೀಸ್ಟಾರ್ಟ್ ಮಾಡಿದರೆ ವೈಫೈ ಪಾಸ್‌ವರ್ಡ್, ಕನ್ನಡ ಕೀಬೋರ್ಡ್, ಉಳಿಸಿಟ್ಟ ಫೈಲು ಎಲ್ಲ ಮಾಯ! ಪೆನ್‌ಡ್ರೈವ್ ಕೆಟ್ಟಿರಲಿಲ್ಲ. ಹೀಗೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ‘ಲೈವ್’ ಸಿಸ್ಟಮ್ ಇರುವುದು ಸ್ಕ್ವಾಶ್‌ಎಫ್‌ಎಸ್ ಎಂಬ ಓದಲು ಮಾತ್ರ ಬರುವ ಫೈಲಿನಲ್ಲಿ. ನಾವು ಮಾಡಿದ ಬದಲಾವಣೆ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು.

ಹಾಗಾಗಿ ವಿಂಡೋಸ್‌ನಲ್ಲಿ ರೂಫಸ್ ಎಂಬ, ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವ ತಂತ್ರಾಂಶ ತೆರೆದು ಪೆನ್‌ಡ್ರೈವನ್ನು ಹೊಸದಾಗಿ ಬರೆದೆ. ಉಬುಂಟುವಿನ ಐಎಸ್‌ಒ (ಇಡೀ ಸಿಸ್ಟಮ್ ಒಂದೇ ಫೈಲಿನಲ್ಲಿರುವ ಪ್ರತಿ) ಆರಿಸಿದ ಮೇಲೆ ‘ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್’ ಅನ್ನುವ ಸ್ಲೈಡರ್ ಕಾಣುತ್ತದೆ. ನಮ್ಮ ಬದಲಾವಣೆಗಳನ್ನು ಪೆನ್‌ಡ್ರೈವ್‌ನಲ್ಲೇ ಉಳಿಸಲು ಎಷ್ಟು ಜಾಗ ಎಂದು ಇಲ್ಲಿ ಹೇಳಬೇಕು. ಸುಮ್ನೆ ಬಿಟ್ಟರೆ ಅದು ಸೊನ್ನೆಯಲ್ಲೇ ಇರುತ್ತದೆ. 32 ಜಿಬಿಯಲ್ಲಿ 16 ಜಿಬಿ ಅದಕ್ಕೇ ಕೊಟ್ಟೆ. ಮುಂದೆ ಐಎಸ್‌ಒ ಮೋಡ್, ಡಿಡಿ ಮೋಡ್ ಎಂದು ಕೇಳಿದರೆ ಐಎಸ್‌ಒ ಮೋಡನ್ನೇ ಒತ್ತಿ. ಡಿಡಿಯಲ್ಲಿ ಈ ಸೌಲಭ್ಯ ಸಿಗುವುದಿಲ್ಲ. ಹಳೆಯ ಡೇಟಾ ಪೂರ್ತಿ ಅಳಿಸಿಹೋಗುತ್ತದೆ, ಮೊದಲೇ ಕಾಪಿ ಮಾಡಿಕೊಳ್ಳಿ.

ಈಗ ಪಾಸ್‌ವರ್ಡ್, ಫೈಲು ಎಲ್ಲ ಉಳಿಯುತ್ತಿವೆ. ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಮಾತ್ರ ಸ್ವಲ್ಪ ಜಾಸ್ತಿಯೇ ನಿಧಾನ.