ಸೇನಾ ಹಸ್ತಕ್ಷೇಪದ ವಾದವನ್ನು ಪರೀಕ್ಷಿಸುವ ಬಗೆ: ಸಿರಿಯಾ ಯುದ್ಧವನ್ನು ಮುಂದಿಟ್ಟುಕೊಂಡು

ದೂರದ ದೇಶವೊಂದರಲ್ಲಿ ಸರ್ಕಾರವೇ ತನ್ನ ಜನರನ್ನು ಕೊಲ್ಲುತ್ತಿರುವಾಗ ಹೊರಗಿನ ಬಲಿಷ್ಠ ರಾಷ್ಟ್ರಗಳು ಸೇನೆ ಕಳಿಸಬೇಕೇ ಬೇಡವೇ ಎಂಬ ಪ್ರಶ್ನೆ ಬೆಂಗಳೂರಿನ ಓದುಬಳಗಗಳಲ್ಲಿ, ಕಾಲೇಜುಗಳ ಚರ್ಚಾಕೂಟಗಳಲ್ಲಿ, ಬಸವನಗುಡಿ ಮಲ್ಲೇಶ್ವರಗಳ ಭಾನುವಾರದ ಗೋಷ್ಠಿಗಳಲ್ಲಿ ಆಗಾಗ ಏಳುತ್ತದೆ. ಎದ್ದ ಸ್ವಲ್ಪ ಹೊತ್ತಿಗೇ ಸಭೆ ಎರಡು ಹೋಳಾಗುತ್ತದೆ. ಅಮೆರಿಕ ಮಾಡುವುದೆಲ್ಲ ತೈಲಕ್ಕಾಗಿಯೇ ಎಂದು ಕೆಲವರು ಹೇಳಿದರೆ, ಮಕ್ಕಳು ಸಾಯುತ್ತಿರುವಾಗ ಕಾನೂನಿನ ಮಾತಾಡುತ್ತ ಕೂರುವುದೇ ಎಂದು ಉಳಿದವರು ಕೇಳುತ್ತಾರೆ. ಅಲ್ಲಿಗೆ ವಿಚಾರ ನಿಂತುಹೋಗುತ್ತದೆ. ಪಾಶ್ಚಾತ್ಯ ರಾಷ್ಟ್ರಗಳ ಸೇನಾ ಹಸ್ತಕ್ಷೇಪದ ಬಗ್ಗೆ ನನಗೆ ಆಳವಾದ ಸಂಶಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಸಂಶಯ ಬರಿಯ ಪಕ್ಷಪಾತವಾಗದಿರಬೇಕಾದರೆ ಅದಕ್ಕೊಂದು ಕ್ರಮ ಬೇಕು. ಆ ಕ್ರಮವನ್ನು ಒಂದು ಸಂಜೆಯ ಗೋಷ್ಠಿಯಲ್ಲಿ ಹೇಗೆ ನಡೆಸಬಹುದೆಂಬುದನ್ನು ಇಲ್ಲಿ ಬರೆದಿದ್ದೇನೆ. ಸಿರಿಯಾವನ್ನೇ ಆರಿಸಿಕೊಳ್ಳಲು ಕಾರಣವೆಂದರೆ, ಅಲ್ಲಿ ಬೇರೆ ಬೇರೆ ದೇಶಗಳು ಬೇರೆ ಬೇರೆ ಬಗೆಯ ಹಸ್ತಕ್ಷೇಪಗಳನ್ನು ಮಾಡಿವೆ ಮತ್ತು ಅವುಗಳ ಪರಿಣಾಮಗಳ ಬಗ್ಗೆ ಓದಬಹುದಾದ ದಾಖಲೆಗಳು ಸಾಕಷ್ಟಿವೆ.

ಮೊದಲು ನಡೆದದ್ದನ್ನು ಒಪ್ಪಿಕೊಳ್ಳಿ

ಹಸ್ತಕ್ಷೇಪದ ಮಾತಿಗೆ ಹೋಗುವ ಮುನ್ನ, ವಿವಾದಕ್ಕೆ ಎಡೆಯಿಲ್ಲದ ಸಂಗತಿಗಳನ್ನು ಒಬ್ಬರು ಎದ್ದುನಿಂತು ಓದಬೇಕು. 2011ರ ಮಾರ್ಚ್‌ನಲ್ಲಿ ದರಾ ಪಟ್ಟಣದಲ್ಲಿ ಗೋಡೆಬರಹ ಬರೆದ ಹುಡುಗರನ್ನು ಬಂಧಿಸಿ ಹಿಂಸಿಸಿದ್ದರಿಂದ ಪ್ರತಿಭಟನೆ ಹಬ್ಬಿತು. ಬಷರ್ ಅಲ್ ಅಸದ್ ಸರ್ಕಾರ ಅದಕ್ಕೆ ಗುಂಡಿನ ಮೂಲಕ ಉತ್ತರಿಸಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಮೊದಲ ಹತ್ತು ವರ್ಷಗಳಲ್ಲಿ 3,06,887 ನಾಗರಿಕರು ಸತ್ತರು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಡಮಾಸ್ಕಸ್ ಬಳಿಯ ಸೆದ್ನಾಯಾ ಸೆರೆಮನೆಯಲ್ಲಿ ಸರ್ಕಾರ ನಡೆಸಿದ ಕೊಲೆಗಳು ಯಾರೋ ಹಬ್ಬಿಸಿದ ಕಥೆಗಳಲ್ಲ.

ಈ ಹಂತವನ್ನು ಬಿಟ್ಟು ಮುಂದೆ ಹೋಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಹಸ್ತಕ್ಷೇಪವನ್ನು ಸಂಶಯದಿಂದ ನೋಡುವ ನಮ್ಮಲ್ಲಿ ಅನೇಕರು ಅಮೆರಿಕದ ಮೇಲಿನ ಸಿಟ್ಟಿನಲ್ಲಿ ಅಸದ್‌ನ ವಕೀಲರಾಗಿಬಿಟ್ಟದ್ದನ್ನು ಕಂಡಿದ್ದೇನೆ. ಬಾಂಬು ಹಾಕುವುದರಿಂದ ಒಳಿತಾಗುತ್ತದೆಯೇ ಎಂದು ಕೇಳುವುದು ಬೇರೆ, ಸತ್ತವರು ಸತ್ತೇ ಇಲ್ಲವೆನ್ನುವುದು ಬೇರೆ. ಎರಡನೆಯದಕ್ಕೆ ಗೋಷ್ಠಿಯಲ್ಲಿ ಅವಕಾಶ ಕೊಡಬೇಡಿ.

ಪ್ರಸ್ತಾಪವನ್ನು ಒಂದೇ ವಾಕ್ಯದಲ್ಲಿ ಬರೆಸಿ

ಹಸ್ತಕ್ಷೇಪ ಬೇಕು ಎನ್ನುವವರಿಂದ ಒಂದು ವಾಕ್ಯ ಬರೆಸಿ ಹಲಗೆಯ ಮೇಲೆ ಹಾಕಿ: ಯಾರು, ಯಾವ ಅಸ್ತ್ರದಿಂದ, ಯಾರ ವಿರುದ್ಧ, ಏನನ್ನು ಸಾಧಿಸಲು, ಯಾವಾಗಿನವರೆಗೆ. ‘ಜಗತ್ತು ಏನಾದರೂ ಮಾಡಬೇಕು’ ಎಂಬುದು ಪ್ರಸ್ತಾಪವಲ್ಲ. ಸಿರಿಯಾದಲ್ಲಿ ಹಸ್ತಕ್ಷೇಪ ಎಂಬ ಒಂದೇ ಹೆಸರಿನಲ್ಲಿ ನಡೆದ ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾಗಿದ್ದವು, ಅವುಗಳ ಫಲವೂ ಬೇರೆಯಾಗಿತ್ತು.

ಬಂಡುಕೋರರಿಗೆ ಆಯುಧ ಮತ್ತು ತರಬೇತಿ ಕೊಡುವುದು ಒಂದು ಬಗೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಡೆಸಿದ ಗುಪ್ತ ಯೋಜನೆ ವರ್ಷಗಳ ಕಾಲ ನಡೆದು 2017ರಲ್ಲಿ ನಿಂತಿತು. ಅದಕ್ಕೆ ಹೊರತಾಗಿ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ 50 ಕೋಟಿ ಡಾಲರ್‌ಗಳ ತರಬೇತಿ ಯೋಜನೆಯೊಂದನ್ನು ಹಮ್ಮಿಕೊಂಡಿತು. ಅದರಲ್ಲಿ ತರಬೇತಾದವರ ಪೈಕಿ ಆಗ ರಣರಂಗದಲ್ಲಿ ಉಳಿದವರು ನಾಲ್ಕೈದು ಮಂದಿ ಮಾತ್ರ ಎಂದು ಪಶ್ಚಿಮ ಏಷ್ಯಾದ ಅಮೆರಿಕ ಪಡೆಗಳ ಅಂದಿನ ಮುಖ್ಯಸ್ಥ ಜನರಲ್ ಲಾಯ್ಡ್ ಆಸ್ಟಿನ್ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ತಾವೇ ಹೇಳಿದರು. ಇಂಥ ಸಾಕ್ಷ್ಯ ಯುದ್ಧವಿರೋಧಿಗಳ ಕರಪತ್ರಕ್ಕಿಂತ ಹೆಚ್ಚು ತೂಕದ್ದು, ಏಕೆಂದರೆ ಅದನ್ನು ನುಡಿದವರು ಯೋಜನೆಯ ಹೊಣೆ ಹೊತ್ತವರು.

ಶಿಕ್ಷೆಯ ರೂಪದ ದಾಳಿ ಇನ್ನೊಂದು ಬಗೆ. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್‌ನಲ್ಲಿ ಸಾರಿನ್ ಎಂಬ ಮಾರಕ ವಿಷಾನಿಲ ಬಳಕೆಯಾದ ಮೂರು ದಿನಕ್ಕೆ ಅಮೆರಿಕ ಶೈರಾತ್ ವಾಯುನೆಲೆಯ ಮೇಲೆ 59 ಟೊಮಾಹಾಕ್ ಕ್ಷಿಪಣಿಗಳನ್ನು ಹಾರಿಸಿತು. ವರ್ಷ ತುಂಬುವ ಹೊತ್ತಿಗೆ ದೂಮಾದಲ್ಲಿ ಮತ್ತೆ ವಿಷಾನಿಲ ಸುರಿಯಿತು. 2018ರ ಏಪ್ರಿಲ್ 14ರಂದು ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಮತ್ತೆ ದಾಳಿ ಮಾಡಿದವು. ಹೆದರಿಸಿ ತಡೆಯುವುದೇ ಗುರಿಯಾಗಿದ್ದರೆ ಮೊದಲ ದಾಳಿ ಆ ಗುರಿ ಮುಟ್ಟಲಿಲ್ಲ.

ಸಿರಿಯಾ ಮತ್ತು ಇರಾಕಿನ ದೊಡ್ಡ ಭಾಗವನ್ನು ಹಿಡಿದಿದ್ದ ಜಿಹಾದಿ ಗುಂಪು ಐಸಿಸ್ ವಿರುದ್ಧ 2014ರ ಸೆಪ್ಟೆಂಬರ್‌ನಿಂದ ಅಮೆರಿಕ ನೇತೃತ್ವದ ಒಕ್ಕೂಟ ನಡೆಸಿದ ವೈಮಾನಿಕ ಕಾರ್ಯಾಚರಣೆ ಮೂರನೆಯ ಬಗೆ. ಇದಕ್ಕೆ ಗುರಿ ಸ್ಪಷ್ಟವಾಗಿತ್ತು, ನೆಲದ ಮೇಲೆ ಕುರ್ದಿಶ್ ನಾಯಕತ್ವದ ಪಡೆಗಳಿದ್ದವು, 2019ರ ಮಾರ್ಚ್‌ನಲ್ಲಿ ಬಾಘೂಜ್ ಬಿದ್ದಾಗ ಐಸಿಸ್ ಹಿಡಿತದಲ್ಲಿದ್ದ ನೆಲ ಮುಗಿಯಿತು. ಸಂಶಯವಾದಿಗಳು ಇದನ್ನು ಒಪ್ಪಿಕೊಳ್ಳಬೇಕು. ಆದರೆ ರಕ್ಕಾ ನಗರವನ್ನು ಬಿಡಿಸಿದ 2017ರ ಕಾಳಗದಲ್ಲಿ ಒಕ್ಕೂಟದ ದಾಳಿಗಳಿಂದ 1,600ಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಏರ್‌ವಾರ್ಸ್ ಸಂಸ್ಥೆಗಳು ಎರಡು ವರ್ಷಗಳ ಬಳಿಕ ದಾಖಲಿಸಿದಾಗ, ಒಕ್ಕೂಟ ಅದುವರೆಗೆ ಒಪ್ಪಿಕೊಂಡಿದ್ದ ಸಾವುಗಳು ಅದರ ಹತ್ತನೇ ಒಂದು ಭಾಗದಷ್ಟಿದ್ದವು. ಗೆದ್ದ ಕಾರ್ಯಾಚರಣೆಗೂ ಬೆಲೆ ತೆತ್ತವರಿದ್ದಾರೆ. ಆ ಲೆಕ್ಕವನ್ನು ದಾಳಿ ಮಾಡಿದವರೇ ಬರೆದಾಗ ಅದು ಬಹಳ ಚಿಕ್ಕದಾಗಿ ಕಾಣುತ್ತದೆ.

ಸಾಕ್ಷ್ಯವನ್ನು ತೂಗುವುದು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ದಾಳಿಯೊಂದರ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಬೇಕು: ಅದು ನಡೆಯಿತೇ, ಮಾಡಿದವರು ಯಾರು, ಅದರಿಂದ ಬಾಂಬು ದಾಳಿಯೇ ಸರಿಯೆಂದು ತೀರ್ಮಾನವಾಗುತ್ತದೆಯೇ. ಮೊದಲೆರಡಕ್ಕೆ ಹೌದೆಂಬ ಉತ್ತರ ಬಂದರೂ ಮೂರನೆಯದು ತಾನಾಗಿ ಇತ್ಯರ್ಥವಾಗುವುದಿಲ್ಲ.

ಇರಾಕಿನ ನೆನಪು ಈ ಚರ್ಚೆಯ ಮೇಲೆ ಯಾವಾಗಲೂ ಕವಿದಿರುತ್ತದೆ. 2003ರ ಫೆಬ್ರವರಿ 5ರಂದು ಅಮೆರಿಕದ ಅಂದಿನ ವಿದೇಶಾಂಗ ಸಚಿವ ಕೋಲಿನ್ ಪಾವೆಲ್ ಇರಾಕಿನಲ್ಲಿ ಇದೆಯೆಂದು ಭದ್ರತಾ ಮಂಡಳಿಯ ಮುಂದೆ ಹೇಳಿದ ಸಾಮೂಹಿಕ ನಾಶದ ಅಸ್ತ್ರಗಳ ಸಂಗ್ರಹ ಯುದ್ಧ ಮುಗಿದ ಮೇಲೆ ಸಿಗಲೇ ಇಲ್ಲ. ಹೀಗಾಗಿ 2013ರ ಆಗಸ್ಟ್ 21ರಂದು ಡಮಾಸ್ಕಸ್ ಬಳಿಯ ಘೌತಾದಲ್ಲಿ ನೂರಾರು ಜನ ವಿಷಾನಿಲಕ್ಕೆ ಬಲಿಯಾದಾಗ, ಇದೂ ಇನ್ನೊಂದು ಇರಾಕ್ ಎಂದವರು ಬಹಳ ಮಂದಿ. ಆದರೆ ಓಕೆ ಸೆಲ್‌ಸ್ಟ್ರೋಮ್ ನೇತೃತ್ವದ ವಿಶ್ವಸಂಸ್ಥೆಯ ತಂಡ ಸ್ಥಳಕ್ಕೆ ಹೋಗಿ, ಮಾದರಿಗಳನ್ನು ಸಂಗ್ರಹಿಸಿ, ಸಾರಿನ್ ಬಳಕೆಯಾದದ್ದನ್ನು ದೃಢಪಡಿಸಿತು. ಒಮ್ಮೆ ಸುಳ್ಳು ಹೇಳಿದವರು ಎಂದೆಂದೂ ಸುಳ್ಳನ್ನೇ ಹೇಳುತ್ತಾರೆಂದು ಹಿಡಿಯುವುದು ಸಂಶಯವಲ್ಲ, ಅದು ಇನ್ನೊಂದು ಬಗೆಯ ನಂಬಿಕೆ.

ಸಾಕ್ಷ್ಯದ ವಿಶ್ವಾಸಾರ್ಹತೆಯನ್ನು ಅಳೆಯಲು ನನಗೆ ಉಪಯೋಗಕ್ಕೆ ಬಂದಿರುವ ಒಂದು ಗುರುತಿದೆ: ತನಿಖೆ ಮಾಡಿದವರು ಎರಡೂ ಕಡೆಯವರ ಅಪರಾಧ ಹೇಳಿದ್ದಾರೆಯೇ ಎಂದು ನೋಡಿ. ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಜಂಟಿ ತನಿಖಾ ತಂಡ ಖಾನ್ ಶೇಖೂನ್ ದಾಳಿಗೆ ಸಿರಿಯಾ ಸರ್ಕಾರವನ್ನು ಹೊಣೆ ಮಾಡಿತು. ಐಸಿಸ್ ಮಸ್ಟರ್ಡ್ ಅನಿಲ ಬಳಸಿದ್ದನ್ನೂ ಅದೇ ತಂಡ ಹೇಳಿತು. ಆ ತಂಡದ ಅವಧಿಯನ್ನು ವಿಸ್ತರಿಸದಂತೆ 2017ರ ನವೆಂಬರ್‌ನಲ್ಲಿ ವೀಟೊ ಚಲಾಯಿಸಿದ್ದು ರಷ್ಯಾ. ಈ ವರದಿಗಳೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಪತ್ರಿಕೆಗಳ ವಿದೇಶ ಪುಟ ಬಹುಮಟ್ಟಿಗೆ ಸುದ್ದಿಸಂಸ್ಥೆಗಳ ವರದಿಯನ್ನೇ ಆಧರಿಸಿರುವುದರಿಂದ, ಮುಖ್ಯ ಘಟನೆಗಳಿಗಾದರೂ ಮೂಲ ವರದಿಯ ಸಾರಾಂಶದ ಪುಟಗಳನ್ನು ಮುದ್ರಿಸಿ ಎಲ್ಲರ ಕೈಗೂ ಕೊಡಿ. ಉಳಿದ ವಾದಗಳ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಗುರಿ ಯಾವಾಗ ಬದಲಾಯಿತು ಎಂದು ಕೇಳಿ

ನನ್ನ ಸಂಶಯದ ಬೇರು ಇರುವುದು ಲಿಬಿಯಾದಲ್ಲಿ. ಗೋಷ್ಠಿಯ ಹೆಚ್ಚು ಹೊತ್ತನ್ನು ಇದಕ್ಕೇ ಕೊಡಬೇಕೆಂದು ನನ್ನ ಅಭಿಪ್ರಾಯ. 2011ರ ಮಾರ್ಚ್ 17ರಂದು ಭದ್ರತಾ ಮಂಡಳಿ 1973ನೇ ನಿರ್ಣಯದ ಮೂಲಕ ನಾಗರಿಕರ ರಕ್ಷಣೆಗೆ ಬಲಪ್ರಯೋಗವನ್ನು ಅನುಮತಿಸಿತು. ಹತ್ತು ಮತಗಳು ಪರವಾಗಿ ಬಿದ್ದವು. ಭಾರತ, ಬ್ರೆಜಿಲ್, ಚೀನಾ, ಜರ್ಮನಿ, ರಷ್ಯಾ ಮತದಿಂದ ದೂರ ಉಳಿದವು. ಬೆಂಘಾಜಿಯ ಜನರನ್ನು ಕಾಪಾಡಲು ಹೊರಟ ಕಾರ್ಯಾಚರಣೆ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಆಡಳಿತವನ್ನು ಉರುಳಿಸುವಲ್ಲಿಗೆ ಮುಟ್ಟಿತು. ಅಕ್ಟೋಬರ್ 20ರಂದು ಸಿರ್ತ್‌ನಲ್ಲಿ ಆತ ಸತ್ತ ಬಳಿಕ, ಕಾರ್ಯಾಚರಣೆ ನಡೆಸಿದ ಪಾಶ್ಚಾತ್ಯ ಸೇನಾ ಕೂಟ ನ್ಯಾಟೊ ಆ ತಿಂಗಳ ಕೊನೆಗೆ ಹಿಂದೆ ಸರಿಯಿತು. ಉಳಿದದ್ದು ಸಶಸ್ತ್ರ ಗುಂಪುಗಳ ಕೈಗೆ ಸಿಕ್ಕ ದೇಶ. ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿಯೇ 2016ರ ಸೆಪ್ಟೆಂಬರ್‌ನ ವರದಿಯಲ್ಲಿ, ನಾಗರಿಕರಿಗಿದ್ದ ಅಪಾಯವನ್ನು ಸರಿಯಾಗಿ ಅಳೆಯಲಿಲ್ಲ, ರಕ್ಷಣೆಯ ಗುರಿ ಆಡಳಿತ ಬದಲಾವಣೆಯ ಗುರಿಯಾಗಿ ಜಾರಿತು, ಮುಂದೇನೆಂಬ ಯೋಜನೆಯೂ ಇರಲಿಲ್ಲ ಎಂದು ಹೇಳಿತು.

ಇದರ ಪೆಟ್ಟು ನೇರವಾಗಿ ಸಿರಿಯಾದ ಜನರಿಗೆ ಬಿತ್ತು. 2011ರ ಅಕ್ಟೋಬರ್ 4ರಂದು ಸಿರಿಯಾ ಕುರಿತ ನಿರ್ಣಯಕ್ಕೆ ರಷ್ಯಾ ಮತ್ತು ಚೀನಾ ವೀಟೊ ಹಾಕಿದಾಗ, ರಷ್ಯಾದ ಪ್ರತಿನಿಧಿ ಲಿಬಿಯಾದ ಅನುಭವವನ್ನೇ ಮುಂದೊಡ್ಡಿದರು. ರಷ್ಯಾಕ್ಕೆ ತನ್ನದೇ ಸ್ವಾರ್ಥವಿತ್ತು, ನಿಜ. ಆದರೆ ಆ ಸ್ವಾರ್ಥಕ್ಕೆ ಗೌರವಾನ್ವಿತ ನೆಪವೊಂದನ್ನು ಒದಗಿಸಿದ್ದು ಲಿಬಿಯಾದಲ್ಲಿ ಕೊಟ್ಟ ಮಾತನ್ನು ಮೀರಿದ ರಾಷ್ಟ್ರಗಳು. ಆದ್ದರಿಂದ ಯಾವುದೇ ಪ್ರಸ್ತಾಪ ಬಂದಾಗ, ಗುರಿ ಮಧ್ಯದಲ್ಲಿ ಬದಲಾದರೆ ತಡೆಯುವವರು ಯಾರು ಎಂದು ಕೇಳಿ.

ಕಾನೂನಿನ ವಿಷಯ ಚಿಕ್ಕದು. ವಿಶ್ವಸಂಸ್ಥೆಯ ಸನ್ನದಿನಂತೆ ಆತ್ಮರಕ್ಷಣೆಗೆ ಅಥವಾ ಭದ್ರತಾ ಮಂಡಳಿಯ ಒಪ್ಪಿಗೆಯಿಂದ ಮಾತ್ರ ಬಲಪ್ರಯೋಗ ಮಾಡಬಹುದು. 2017 ಮತ್ತು 2018ರ ಕ್ಷಿಪಣಿ ದಾಳಿಗಳಿಗೆ ಎರಡೂ ಆಧಾರಗಳಿರಲಿಲ್ಲ. ನಿಮ್ಮ ಬಳಗದಲ್ಲಿ ಕಾನೂನು ಓದಿದವರಿದ್ದರೆ ಅವರಿಗೆ ಹತ್ತು ನಿಮಿಷ ಕೊಡಿ, ಹೆಚ್ಚು ಬೇಡ.

ನಿಮಗೆ ಒಗ್ಗದ ಉದಾಹರಣೆಗಳನ್ನೂ ತನ್ನಿ

ಸಂಶಯ ಪ್ರಾಮಾಣಿಕವಾಗಿದ್ದರೆ ತನಗೆ ವಿರುದ್ಧವಾದದ್ದನ್ನೂ ಎದುರಿಸಬೇಕು. 1991ರ ವಸಂತದಲ್ಲಿ ಉತ್ತರ ಇರಾಕಿನಲ್ಲಿ ಪಾಶ್ಚಾತ್ಯ ಪಡೆಗಳು ವಿಮಾನ ಹಾರಾಟ ನಿಷೇಧಿಸಿ ರಕ್ಷಿತ ಪ್ರದೇಶ ಮಾಡಿದ್ದರಿಂದ ಬೆಟ್ಟಗಳಲ್ಲಿ ಸಿಕ್ಕಿಬಿದ್ದಿದ್ದ ಲಕ್ಷಾಂತರ ಕುರ್ದರು ಮನೆಗೆ ಮರಳಿದರು. ಹಾಗಾದರೆ ಸಿರಿಯಾದಲ್ಲಿ ಯಾಕಾಗದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಇರಾಕಿ ಸೇನೆ ಆಗಷ್ಟೇ ಕುವೈತಿನಲ್ಲಿ ಸೋತಿತ್ತು, ಪಕ್ಕದಲ್ಲಿ ಟರ್ಕಿಯ ನೆಲೆಗಳಿದ್ದವು, ನೆಲದ ಮೇಲೆ ಒಗ್ಗಟ್ಟಾದ ಸ್ಥಳೀಯ ಪಡೆಗಳಿದ್ದವು. ಸಿರಿಯಾದಲ್ಲಿ ಬಂಡುಕೋರರು ಹತ್ತಾರು ಗುಂಪುಗಳಾಗಿ ಒಡೆದಿದ್ದರು, ವಾಯುರಕ್ಷಣೆ ಬಲವಾಗಿತ್ತು, 2015ರ ಸೆಪ್ಟೆಂಬರ್ 30ರ ಬಳಿಕ ಆಕಾಶದಲ್ಲಿ ರಷ್ಯಾದ ವಿಮಾನಗಳೂ ಇದ್ದವು.

ಭಾರತೀಯರಾದ ನಮಗೆ ಇನ್ನೂ ಹತ್ತಿರದ ಪ್ರಶ್ನೆ 1971ರದು. ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದಾಗ ನಮ್ಮ ಸೇನೆ ಪೂರ್ವ ಪಾಕಿಸ್ತಾನಕ್ಕೆ ನುಗ್ಗಿತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ 104ಕ್ಕೆ 11 ಮತಗಳಿಂದ ಕದನವಿರಾಮಕ್ಕೆ ಕರೆ ಕೊಟ್ಟರೂ ನಾವು ನಿಲ್ಲಲಿಲ್ಲ. ಆ ಯುದ್ಧವನ್ನು ಹೆಮ್ಮೆಯಿಂದ ನೆನೆಯುವವರು ಎಲ್ಲ ಹಸ್ತಕ್ಷೇಪವೂ ತಪ್ಪು ಎನ್ನಲಾಗದು. ಅದೇ ಉಸಿರಿನಲ್ಲಿ 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆಯನ್ನೂ ನೆನೆಯಬೇಕು: ಶಾಂತಿ ಕಾಯಲು ಹೋಗಿ ಯುದ್ಧಕ್ಕಿಳಿದು, ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು ಮರಳಿತು. ಬೆಂಗಳೂರಿನಲ್ಲಿ ನಿವೃತ್ತ ಸೇನಾಧಿಕಾರಿಗಳಿಗೆ ಕೊರತೆಯಿಲ್ಲ. ಆ ಕಾರ್ಯಾಚರಣೆಯಲ್ಲಿದ್ದವರೊಬ್ಬರನ್ನು ಕರೆಸಿದರೆ, ಹೋದ ಸೇನೆ ಹೊರಬರುವುದು ಎಷ್ಟು ಕಷ್ಟವೆಂಬುದನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ.

ನಗರದಲ್ಲಿ ನೆಲೆಸಿರುವ ಸಿರಿಯನ್ ಆರ್ಥೊಡಾಕ್ಸ್ ಕ್ರೈಸ್ತರಿಗೂ ಈ ಯುದ್ಧ ಹೊರಗಿನದಲ್ಲ, ಅವರ ಪಿತೃಪ್ರಧಾನರ ಪೀಠವಿರುವುದು ಡಮಾಸ್ಕಸ್‌ನಲ್ಲೇ. ಅಂಥವರು ಬಳಗದಲ್ಲಿದ್ದರೆ, ಅಲ್ಪಸಂಖ್ಯಾತರ ಭಯ ಹೇಗಿತ್ತೆಂಬುದನ್ನು ಕೇಳಿ ತಿಳಿಯಿರಿ. ಒಂದು ಸಮುದಾಯದ ಭಯವನ್ನು ಇಡೀ ದೇಶದ ಅಭಿಪ್ರಾಯವೆಂದು ಮಾತ್ರ ಬರೆದುಕೊಳ್ಳಬೇಡಿ.

ಸೇನೆಯಿಲ್ಲದೆ ಆದದ್ದೂ ಲೆಕ್ಕಕ್ಕೆ ಬರಲಿ

ಘೌತಾ ಬಳಿಕ ಬ್ರಿಟನ್ ಸಂಸತ್ತು 285–272 ಮತಗಳಿಂದ ದಾಳಿಯ ಪ್ರಸ್ತಾಪವನ್ನು ತಿರಸ್ಕರಿಸಿತು. ಸಿರಿಯಾದ ರಾಸಾಯನಿಕ ಅಸ್ತ್ರಗಳನ್ನು ತೆಗೆದುಹಾಕುವ ಒಪ್ಪಂದಕ್ಕೆ ಅಮೆರಿಕ ಮತ್ತು ರಷ್ಯಾ ಬಂದವು. ಸಿರಿಯಾ ಘೋಷಿಸಿದ ಸುಮಾರು 1,300 ಟನ್ ರಾಸಾಯನಿಕಗಳು 2014ರ ಜೂನ್ ಹೊತ್ತಿಗೆ ದೇಶದಿಂದ ಹೊರಹೋದವು. ಅಸದ್ ಎಲ್ಲವನ್ನೂ ಘೋಷಿಸಿರಲಿಲ್ಲ, ಖಾನ್ ಶೇಖೂನ್ ಅದಕ್ಕೆ ಸಾಕ್ಷಿ. ಆದರೂ ಯಾವ ಕ್ಷಿಪಣಿಯೂ ಅಷ್ಟು ವಿಷವನ್ನು ನಾಶಮಾಡಲಿಲ್ಲ. ದಾಳಿಯ ಬೆದರಿಕೆ ಇಲ್ಲದಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ ಎಂಬ ಪ್ರತಿವಾದ ಬರುತ್ತದೆ. ಅದು ಗಟ್ಟಿಯಾದ ವಾದ, ಅದಕ್ಕೆ ಸಮಯ ಕೊಡಿ.

ರಷ್ಯಾ, ಇರಾನ್, ಟರ್ಕಿ, ಇಸ್ರೇಲ್‌ಗಳ ಹಸ್ತಕ್ಷೇಪಕ್ಕೂ ಇವೇ ಪ್ರಶ್ನೆಗಳನ್ನು ಹಾಕಬೇಕು. ಅಲೆಪ್ಪೊ ಮೇಲೆ ರಷ್ಯಾ ಸುರಿದ ಬಾಂಬುಗಳ ಬಗ್ಗೆ ಮೌನವಾಗಿದ್ದು ರಕ್ಕಾದ ಬಗ್ಗೆ ಮಾತ್ರ ಮಾತಾಡುವವರ ಸಂಶಯಕ್ಕೆ ಬೆಲೆಯಿಲ್ಲ.

ಕೊನೆಯ ಅರ್ಧ ಗಂಟೆಯನ್ನು 2024ರ ಡಿಸೆಂಬರ್ 8ಕ್ಕೆ ಮೀಸಲಿಡಿ. ಹಯಾತ್ ತಹ್ರೀರ್ ಅಲ್ ಶಾಮ್ ಎಂಬ ಇಸ್ಲಾಮಿಸ್ಟ್ ಬಂಡುಕೋರ ಗುಂಪಿನ ಮುಂದಾಳತ್ವದ ಪಡೆಗಳು ಎರಡು ವಾರಕ್ಕೂ ಕಡಿಮೆ ಅವಧಿಯಲ್ಲಿ ಡಮಾಸ್ಕಸ್ ತಲುಪಿದವು, ಅಸದ್ ಮಾಸ್ಕೊಗೆ ಓಡಿಹೋದರು. 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಸದ್ ಹುಟ್ಟಿದ ಅಲಾವಿ ಎಂಬ ಅಲ್ಪಸಂಖ್ಯಾತ ಪಂಗಡದ ನೂರಾರು ನಾಗರಿಕರ ಹತ್ಯೆಯಾಯಿತು. ಪ್ರತಿಯೊಬ್ಬರೂ ಒಂದು ಹಾಳೆ ತೆಗೆದುಕೊಂಡು, 2013ರಲ್ಲಿ ತಾವು ಬೆಂಬಲಿಸುತ್ತಿದ್ದ ಅಥವಾ ವಿರೋಧಿಸುತ್ತಿದ್ದ ಪ್ರಸ್ತಾಪ ಜಾರಿಯಾಗಿದ್ದರೆ ಅಧಿಕಾರ ಯಾರ ಕೈಗೆ ಹೋಗುತ್ತಿತ್ತು, ಅಲಾವಿಗಳನ್ನು ಯಾರು ಕಾಯುತ್ತಿದ್ದರು, ಸೆದ್ನಾಯಾದ ಬಾಗಿಲು ಎಂದು ತೆರೆಯುತ್ತಿತ್ತು ಎಂಬ ಮೂರಕ್ಕೂ ಹೆಸರು ಮತ್ತು ಕಾರಣ ಸಹಿತ ಉತ್ತರ ಬರೆಯಲಿ. ಬರೆದದ್ದನ್ನು ದಿನಾಂಕ ಹಾಕಿ ಬಳಗದ ಕಡತದಲ್ಲಿಡಿ. ಇನ್ನೊಂದು ದೇಶದ ಮೇಲೆ ದಾಳಿಯ ಮಾತು ಎದ್ದ ದಿನ ಅದೇ ಹಾಳೆಗಳನ್ನು ತೆಗೆದು, ಅವೇ ಮೂರು ಪ್ರಶ್ನೆಗಳಿಂದ ಆರಂಭಿಸಿ.