ಅಜ್ಜಿ ಒನಕೆ ಅಂದ ಸೋವಿಯತ್ ಬೇಸ್ ಗಿಟಾರ್‌ನ ನಾನು ನುಡಿಸೋ ಹಂಗೆ ಮಾಡ್ಕೊಂಡಿದ್ದು

ತಂಗಿ ಜಾರ್ಜಿಯಾ ದೇಶದ ಟಿಬಿಲಿಸಿಲಿ ಎಂಬಿಬಿಎಸ್ ಓದ್ತಿದಾಳೆ, ಅವಳನ್ನ ನೋಡ್ಕೊಂಡ್ ಬರೋಣ ಅಂತ ಹೋದವ್ನು ವಾಪಸ್ ಬರೋವಾಗ ಎಲ್ಲರ ಥರ ಫ್ರಿಜ್ ಮ್ಯಾಗ್ನೆಟ್ ತರೋದು ಬಿಟ್ಟು ಒಂದು ಸೋವಿಯತ್ ಬೇಸ್ ಗಿಟಾರ್ ಹೊತ್ಕೊಂಡ್ ಬಂದೆ. ಅಲ್ಲಿ ಡ್ರೈ ಬ್ರಿಡ್ಜ್ ಅಂತ ಒಂದು ಸಂತೆ ಇದೆ, ಸೇತುವೆ ಮೇಲೆ, ಪಕ್ಕದ ಪಾರ್ಕ್ ಅಂಚಲ್ಲೆಲ್ಲಾ ಬಟ್ಟೆ ಹಾಸಿ ಹಳೇ ಸಾಮಾನು ಮಾರ್ತಾರೆ. ಸೋವಿಯತ್ ಒಕ್ಕೂಟ ಒಡೆದು ಹೋದಾಗ ಕಷ್ಟಕ್ಕೆ ಬಿದ್ದ ಜನ ಮನೇಲಿದ್ದ ಮೆಡಲ್ಲು, ಕ್ಯಾಮೆರಾ, ಪಿಂಗಾಣಿ ಎಲ್ಲಾ ತಂದು ಮಾರೋಕ್ ಶುರು ಮಾಡಿದ ಜಾಗ ಅದು. ಅಂಗಡಿ ಬೋರ್ಡೆಲ್ಲಾ ಜಾರ್ಜಿಯನ್ ಲಿಪಿ, ದೂರದಿಂದ ನೋಡಿದ್ರೆ ನಮ್ಮ ಅಕ್ಷರದ ಥರಾನೇ ದುಂಡದುಂಡಗೆ, ಹತ್ರ ಹೋದ್ರೆ ಒಂದೂ ಓದೋಕ್ ಬರಲ್ಲ. ಗಿಟಾರ್ ಮೇಲೆ ಮಾತ್ರ ರಷ್ಯನ್‌ನಲ್ಲಿ ಉರಾಲ್ ಅಂತಿತ್ತು. ಮಾರ್ತಿದ್ದ ತಾತ ಫೋನ್ ಕ್ಯಾಲ್ಕುಲೇಟರಲ್ಲಿ 250 ಲಾರಿ (ಅಲ್ಲಿನ ದುಡ್ಡು) ಒತ್ತಿ ತೋರ್ಸಿದ್ರು, ನಾನು 150 ಒತ್ತಿದೆ, ಹಂಗೂ ಹಿಂಗೂ 180ಕ್ಕೆ ಮುಗೀತು.

ಉರಾಲ್ ಅಂದ್ರೆ ರಷ್ಯಾದ ಸ್ವೆರ್ದ್‌ಲೋವ್‌ಸ್ಕ್ ಊರಿನ ಫ್ಯಾಕ್ಟರಿ, ಮೂಲತಃ ಪಿಯಾನೋ ಮಾಡೋರು. 1991ರಿಂದ ಆ ಊರಿಗೆ ಮತ್ತೆ ಹಳೇ ಹೆಸರೇ ಬಂದಿದೆ, ಯೆಕಟೆರಿನ್‌ಬರ್ಗ್ ಅಂತ. ಅಲ್ಲಿನ ಸಾಮಾನಿಗೆ ಪಾಸ್‌ಪೋರ್ಟ್ ಅಂತ ಒಂದು ಪುಟ್ಟ ಪುಸ್ತಕ ಕೊಡ್ತಿದ್ರು, ಎಷ್ಟೋ ಸಲ ಸರ್ಕ್ಯೂಟ್ ಡಯಾಗ್ರಾಮ್ ಅದ್ರಲ್ಲೇ ಇರುತ್ತೆ, ಸಿಕ್ಕಿದ್ರೆ ಬಿಡ್ಬೇಡಿ. ನಂದಕ್ಕೆ ಇರ್ಲಿಲ್ಲ, ಅದ್ರಿಂದಾನೇ ಮುಂದಿನ ರಾಮಾಯಣ ಎಲ್ಲಾ.

ತರೋದೇನ್ ಕಷ್ಟ ಆಗ್ಲಿಲ್ಲ. ತಂತಿ ಸಡಿಲ ಮಾಡಿ, ನೆಕ್ ಬಿಚ್ಚಿ, ತಂಗಿಯ ಹಳೇ ರಜಾಯಿಲಿ ಸುತ್ತಿ ಲಗೇಜಿಗೆ ಹಾಕ್ದೆ. ಮನೇಲಿ ಜೋಡ್ಸಿ ಕೈಗೆ ಕೊಟ್ರೆ ಅಜ್ಜಿ, "ಅಯ್ಯೋ, ಇದೇನ್ ಮಗಾ ಒನಕೆ ಹೊತ್ಕೊಂಡ್ ಬಂದಿದೀಯ" ಅಂದ್ರು. ತಪ್ಪೇನಿಲ್ಲ, ಅಷ್ಟೇ ಭಾರ, ನೆಕ್ಕೂ ಹೆಚ್ಚುಕಮ್ಮಿ ಅಷ್ಟೇ ದಪ್ಪ.

ನಿಜವಾದ ತಲೆನೋವು ಸಾಕೆಟ್. ನಮ್ ಗಿಟಾರಲ್ಲೆಲ್ಲಾ ಇರೋ ಕಾಲು ಇಂಚಿನ ಜ್ಯಾಕ್ ಇದ್ರಲ್ಲಿಲ್ಲ, ಹಳೇ ಟೇಪ್ ರೆಕಾರ್ಡರ್ ಹಿಂದೆ ಇರ್ತಿತ್ತಲ್ಲಾ ಐದು ತೂತಿನ ದುಂಡು ಡಿನ್ ಸಾಕೆಟ್, ಅದು. ಬ್ಯಾಂಡಲ್ಲಿರೋ ಫ್ರೆಂಡ್ ಒಬ್ಬ "ಡ್ರಿಲ್ ತಗೊಂಡು ತೂತು ದೊಡ್ಡದ್ ಮಾಡಿ ಮಾಮೂಲಿ ಜ್ಯಾಕ್ ಕೂರ್ಸು, ಅರ್ಧ ಗಂಟೆ ಕೆಲ್ಸ" ಅಂದ. ನಂಗೆ ಮನಸ್ಸು ಬರ್ಲಿಲ್ಲ, ಕೇಬಲ್ ಬೇಕಾದ್ರೆ ಹತ್ತು ಮಾಡ್ಬಹುದು, ಕೊರೆದ ಮರ ವಾಪಸ್ ಬರುತ್ತಾ?

ಕೀಬೋರ್ಡಿನ ಮಿಡಿ ಕೇಬಲ್ಲಿಗೂ ಇದೇ ಐದು ಪಿನ್ ಅಲ್ವಾ ಅಂತ ಜಾಣತನ ಮಾಡಿ ಒಂದನ್ನ ಕತ್ತರಿಸಿ ಜ್ಯಾಕ್ ಬೆಸುಗೆ ಹಾಕ್ದೆ. ಚುಕ್ ಅನ್ಲಿಲ್ಲ. ತಂತಿಯ ಸದ್ದು ಹಿಡಿಯೋ ಪಿಕಪ್ಪೇ ಸತ್ತಿದೆ ಅನ್ಕೊಂಡು ಎರಡು ದಿನ ಮುಖ ಸಪ್ಪೆ ಮಾಡ್ಕೊಂಡ್ ಕೂತಿದ್ದೆ. ಆಮೇಲೆ ಗೊತ್ತಾಯ್ತು, ಮಿಡಿಗೆ ಬೇಕಾಗೋದು ನಡುವಿನ 2ನೇ ಪಿನ್, ಅದ್ರ ಅಕ್ಕಪಕ್ಕದ 4 ಮತ್ತೆ 5 ಅಷ್ಟೇ, ಎಷ್ಟೋ ಕೇಬಲಲ್ಲಿ ತುದಿಯ 1 ಮತ್ತೆ 3ಕ್ಕೆ ವೈರೇ ಇರಲ್ಲ.

ಸರಿ, ಎಸ್‌ಪಿ ರೋಡಿಗೆ ಹೋಗಿ ಬಿಡಿ ಡಿನ್ ಪ್ಲಗ್ಗು, ಶೀಲ್ಡ್ ಇರೋ ಕೇಬಲ್ಲು ತಂದೆ. ಈ ಸಲ ಮೊದ್ಲು ಮಲ್ಟಿಮೀಟರ್. 2ನೇ ಪಿನ್ ಸಾಮಾನ್ಯವಾಗಿ ಗ್ರೌಂಡು, ಮೀಟರಿನ ಒಂದು ಕಡ್ಡಿ ಅಲ್ಲಿಟ್ಟು, ವಾಲ್ಯೂಮ್ ಪೂರ್ತಿ ಏರ್ಸಿ, ಇನ್ನೊಂದನ್ನ ಒಂದೊಂದೇ ಪಿನ್ನಿಗೆ ಮುಟ್ಟಿಸ್ತಾ ಹೋದೆ, 1ರಲ್ಲಿ ಮಾತ್ರ ಕಿಲೋಓಮ್ ಲೆಕ್ಕದಲ್ಲಿ ರೀಡಿಂಗ್ ಬಂತು, ವಾಲ್ಯೂಮ್ ಇಳಿಸಿದ್ರೆ ಸೊನ್ನೆ ಹತ್ರ ಹೋಯ್ತು. ಅಲ್ಲಿಗೆ ಸಿಗ್ನಲ್ ಅದೇ ಅಂತಾಯ್ತು. ನಿಮ್ದ್ರಲ್ಲಿ ಬೇರೆ ಪಿನ್ ಇರಬಹುದು, ಹಳೇ ಓನರ್ ಏನೇನ್ ಬಿಚ್ಚಿರ್ತಾನೋ ಯಾರಿಗ್ ಗೊತ್ತು, ನೀವೇ ಅಳೆದು ನೋಡಿ. ಇನ್ನೊಂದು, ಪ್ಲಗ್ಗನ್ನ ಬೆಸುಗೆ ಹಾಕೋ ಕಡೆಯಿಂದ ನೋಡೋವಾಗ 1, 3 ಅದಲುಬದಲು ಆಗಿ ಕಾಣುತ್ತೆ. ನಾನು ಅದನ್ನೂ ತಪ್ಪು ಮಾಡಿದೀನಿ.

ಕೊನೆಗೂ ಆಂಪ್‌ನಲ್ಲಿ ಸೌಂಡ್ ಬಂತು, ಜೊತೆಗೆ ಗುಂಯ್ ಅಂತ ಜೋರು ಹಮ್ಮೂ ಬಂತು. ತಂತಿ ಮುಟ್ಟಿದ್ರೆ ಕಮ್ಮಿಯಾಗೋ ಬದ್ಲು ಇನ್ನೂ ಜಾಸ್ತಿ. ಹಂಗಾದ್ರೆ ಗಿಟಾರ್ ಮೈಮೇಲೆ ತಂತಿ ಕೂರೋ ಬ್ರಿಡ್ಜಿಗೆ ಗ್ರೌಂಡ್ ಇಲ್ಲ ಅಂತ ಅನುಮಾನ ಬರ್ಬೇಕು. ಬಿಚ್ಚಿ ನೋಡಿದ್ರೆ ಯಾರೋ ಹಾಕಿದ್ದ ಬೆಸುಗೆ ಬಿಟ್ಕೊಂಡು ವೈರು ಒಳಗೆ ನೇತಾಡ್ತಿತ್ತು, ಐದು ನಿಮಿಷದ ಕೆಲ್ಸ. ತಂತಿ ತಗೊಳೋಕ್ ಮುಂಚೆ ನೆಕ್ ತುದೀಲಿ ತಂತಿ ಕೂರೋ ನಟ್‌ನಿಂದ 12ನೇ ಫ್ರೆಟ್ಟಿಗೆ ಅಳೆದು ಡಬಲ್ ಮಾಡ್ಕೊಳಿ, ಅದೇ ಸ್ಕೇಲು, ಅಂದ್ರೆ ತಂತಿ ನುಡಿಯೋ ಉದ್ದ, ಅಂದಾಜಲ್ಲಿ ಸೆಟ್ ತಂದು ದುಡ್ಡು ಕಳ್ಕೋಬೇಡಿ.

ಸೌಂಡ್ ಹೆಂಗಿದೆ ಅಂದ್ರೆ, ಗೋಣಿಚೀಲದ ಮೇಲೆ ಗುದ್ದಿದಂಗೆ, ಮೊಂಡು, ಉದ್ದಕ್ಕೆ ನಿಲ್ಲಲ್ಲ, ಆದ್ರೆ ಆ ಮೊಂಡುತನಾನೇ ನಂಗಿಷ್ಟ. ಈಗ ಲೋಕದಲ್ಲಿ ಇದಕ್ಕೆ ಹೊಂದೋ ಕೇಬಲ್ ನನ್ ಹತ್ರ ಒಂದೇ ಒಂದು, ಕೆಂಪು ಟೇಪ್ ಸುತ್ತಿ ಇಟ್ಟಿದೀನಿ, ಡ್ರಿಲ್ ಅಂದಿದ್ ಫ್ರೆಂಡು ಮೊನ್ನೆ ಅದನ್ನೇ ಎರಡು ದಿನಕ್ಕೆ ಕೊಡು ಅಂತ ಕೇಳ್ತಿದ್ದ, ಕೊಡಲ್ಲ ಅಂದೆ.